ಹೆಣ್ಣುಮಕ್ಕಳ ಕೈಗೆ ಲೆಕ್ಕದ ಪುಸ್ತಕ ಕೊಡಿ

ಕಾರ್ಮಿಕ ಸಂಘವೆಂದರೆ ಗಂಡಸರ ಸಂಘವೆಂದೇ ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ವಾರ್ಷಿಕೋತ್ಸವದ ದಿನ ಪ್ರಾರ್ಥನೆ ಹಾಡಲು ಹೆಣ್ಣುಮಕ್ಕಳು ಬೇಕು, ಬಾಗಿಲಲ್ಲಿ ರಂಗೋಲಿ ಹಾಕಲು ಬೇಕು, ಅತಿಥಿಗಳಿಗೆ ಆರತಿ ಎತ್ತಲು ಬೇಕು. ಮರುವಾರ ಕಾರ್ಯಕಾರಿ ಮಂಡಳಿಯ ಸಭೆ ಕೂಡಿದಾಗ ಅವರಲ್ಲಿ ಒಬ್ಬರೂ ಕಾಣುವುದಿಲ್ಲ. ಏಕೆಂದು ಕೇಳಿದರೆ, "ನಮ್ಮ ಹೆಂಗಸರು ಮುಂದೆ ಬರುವುದೇ ಇಲ್ಲ, ನಾವೇನು ಮಾಡೋಣ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾವು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕಾಗಿದೆ.

ತರುಣಿಯರನ್ನು ಮುಂದಾಳುಗಳಾಗಿ ತಯಾರು ಮಾಡುವ ಕೆಲಸವನ್ನು ಇಂದು ಜಗತ್ತಿನ ಅನೇಕ ಮಹಿಳಾ ಸಂಸ್ಥೆಗಳು ಕೈಗೊಂಡಿವೆ. ಅನುಭವಸ್ಥೆಯಾದ ಹಿರಿಯಳು ಕಿರಿಯಳನ್ನು ಜೊತೆಗಿಟ್ಟುಕೊಂಡು, ಸಭೆ ನಡೆಸುವುದು, ಲೆಕ್ಕ ಇಡುವುದು, ಅಧಿಕಾರಿಗಳೆದುರು ಮಾತಾಡುವುದು ಮುಂತಾದವನ್ನು ಕಲಿಸುವುದೇ ಅದರ ರೀತಿ. "ಇದೆಲ್ಲ ಇಂಗ್ಲಿಷು ಬಲ್ಲ ದೊಡ್ಡ ಮನೆಯವರ ವ್ಯವಹಾರ, ಅವರ ಸಭೆ ಪಂಚತಾರಾ ಹೋಟೇಲಿನಲ್ಲಿ, ನಮ್ಮ ಹುಡುಗರು ಅಲ್ಲಿ ಚಹಾದ ತಟ್ಟೆ ಹಿಡಿದು ನಿಲ್ಲುವವರು" ಎಂದು ನಗುವವರುಂಟು. ಆ ನಗುವಿನಲ್ಲಿ ಸ್ವಲ್ಪ ಸತ್ಯವೂ ಉಂಟು. ಆದರೂ ಈ ಕೆಲಸದ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ತಲುಪುವುದು ಕಾರ್ಖಾನೆಯ ಬಾಗಿಲಿಗೇ.

ಅಮೆರಿಕದಲ್ಲಿ 1903ರಲ್ಲಿ ಮಹಿಳಾ ಕಾರ್ಮಿಕ ಸಂಘಗಳ ಒಕ್ಕೂಟವೊಂದು ಹುಟ್ಟಿತು. ಅದರಲ್ಲಿ ಶ್ರೀಮಂತ ಮನೆಯ ಸ್ತ್ರೀಯರೂ ಇದ್ದರು, ಹೊಲಿಗೆ ಕಾರ್ಖಾನೆಯ ಹುಡುಗಿಯರೂ ಇದ್ದರು. ಟೋಪಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ರೋಸ್ ಷ್ನೈಡರ್‌ಮನ್ ಎಂಬಾಕೆ ಈ ಒಕ್ಕೂಟದ ಆಸರೆಯಿಂದ ಸಂಘಟಕಿಯಾಗಿ ಬೆಳೆದು 1918ರಲ್ಲಿ ನ್ಯೂಯಾರ್ಕ್ ಶಾಖೆಯ ಅಧ್ಯಕ್ಷೆಯಾದಳು. ಮುಂದೆ ಅಮೆರಿಕದ ಅಧ್ಯಕ್ಷರ ಪತ್ನಿಯಾದ ಎಲಿನಾರ್ ರೂಸ್ವೆಲ್ಟ್ 1922ರಲ್ಲಿ ಈ ಒಕ್ಕೂಟವನ್ನು ಸೇರಿ, ಕಾರ್ಮಿಕರ ಬಾಳೇನೆಂಬುದನ್ನು ಕಲಿತದ್ದು ಇದೇ ರೋಸಳಿಂದ. ಕೂಲಿಯ ಹುಡುಗಿಯರನ್ನು ಸಂಘಟಕಿಯರನ್ನಾಗಿ ಮಾಡಲೆಂದೇ ಆ ಒಕ್ಕೂಟ 1914ರಲ್ಲಿ ಷಿಕಾಗೋದಲ್ಲಿ ಒಂದು ತರಬೇತಿ ಶಾಲೆಯನ್ನೂ ತೆರೆಯಿತು.

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಅಧಿವೇಶನ ವಾಷಿಂಗ್ಟನ್ನಿನಲ್ಲಿ ಕೂಡಿತು. ಮತ ಹಾಕುವ ಪ್ರತಿನಿಧಿಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಸಲಹೆಗಾರರಾಗಿ ಮಾತ್ರ ಕೆಲವರಿದ್ದರು. ಆಗ ಈ ಒಕ್ಕೂಟದವರು ಅದೇ ಊರಿನಲ್ಲಿ, ಅದೇ ದಿನಗಳಲ್ಲಿ, ದುಡಿಯುವ ಸ್ತ್ರೀಯರ ಅಂತರರಾಷ್ಟ್ರೀಯ ಸಮ್ಮೇಳನವನ್ನು ಕರೆದರು. ಎಂಟು ಗಂಟೆಯ ದುಡಿಮೆ ಮತ್ತು ಬಾಣಂತಿಯ ರಕ್ಷಣೆ ಅವರ ಮುಖ್ಯ ಬೇಡಿಕೆಗಳಲ್ಲಿದ್ದವು. ಅದೇ ವರ್ಷ ಹೆರಿಗೆಯ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಹತ್ತು ವರ್ಷಗಳ ತರುವಾಯ, 1929ರಲ್ಲಿ, ನಮ್ಮ ಮುಂಬಯಿ ಪ್ರಾಂತ್ಯದಲ್ಲಿ ಹೆರಿಗೆ ಭತ್ಯದ ಕಾಯ್ದೆ ಬಂತು. 1961ರಲ್ಲಿ ಇಡೀ ದೇಶಕ್ಕೆ ಕಾಯ್ದೆಯಾಯಿತು. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ರಜೆ 26 ವಾರಗಳಿಗೆ ಏರಿತು. ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವರು ಬೇರೆ ಸಭೆ ಕರೆದು ಕೇಳಿದ್ದರ ಫಲದಲ್ಲಿ ನಮ್ಮ ಮನೆಯ ತೊಟ್ಟಿಲಿಗೂ ಒಂದು ಪಾಲು ಬಂದಿದೆ.

ಇನ್ನು ನಮ್ಮ ನೆರೆಯ ಅಹಮದಾಬಾದಿಗೆ ಬರೋಣ. ಅಲ್ಲಿಯ 1918ರ ಗಿರಣಿ ಮುಷ್ಕರದಲ್ಲಿ ಮಾಲೀಕರ ಪಕ್ಷದ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ನಿಂತವಳು ಆತನ ಸ್ವಂತ ಅಕ್ಕ ಅನಸೂಯಾಬೆನ್. 1920ರಲ್ಲಿ ಆಕೆಯೂ ಗಾಂಧೀಜಿಯೂ ಕೂಡಿ ಕಟ್ಟಿದ ಮಜೂರ್ ಮಹಾಜನ ಸಂಘಕ್ಕೆ 1955ರಲ್ಲಿ ಇಲಾ ಭಟ್ ಎಂಬ ಯುವ ವಕೀಲೆ ಬಂದು ಸೇರಿದರು. ಸಂಘದ ಮಹಿಳಾ ವಿಭಾಗದ ಹೊಣೆ ಅವರ ಕೈಗೆ ಬಂತು. ತಲೆಹೊರೆಯವರು, ತರಕಾರಿ ಮಾರುವವರು, ಮನೆಯಲ್ಲೇ ಹೊಲಿಯುವವರು, ಇವರಿಗೆ ಮಾಲೀಕನೇ ಇಲ್ಲವಾದ್ದರಿಂದ ಸಂಘ ಕಟ್ಟಲಾಗದೆಂದು ಕಾರ್ಮಿಕ ಇಲಾಖೆ ಮೊದಲು ತಡೆಯಿತು. ವಾದಿಸಿ ಗೆದ್ದು 1972ರಲ್ಲಿ "ಸೇವಾ" ಸಂಘವನ್ನು ನೋಂದಾಯಿಸಿದರು. 1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲೆಗೆ ಹತ್ತು ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕು ತೆರೆದರು.

ಈ ಬೆಳವಣಿಗೆ ಊರಿಗಷ್ಟೇ ನಿಲ್ಲಲಿಲ್ಲ. 1975ರಲ್ಲಿ ಮೆಕ್ಸಿಕೋದಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ನಡೆದಾಗ, ಬಡ ಹೆಂಗಸರಿಗೆ ಸಾಲ ದೊರಕಿಸುವ ಜಾಗತಿಕ ಸಂಸ್ಥೆಯೊಂದರ ವಿಚಾರ ಮೊಳೆಯಿತು. ಅದೇ ಮುಂದೆ 'ವಿಮೆನ್ಸ್ ವರ್ಲ್ಡ್ ಬ್ಯಾಂಕಿಂಗ್' ಆಯಿತು. ಅದನ್ನು ಕಟ್ಟಿದವರಲ್ಲಿ ಇಲಾ ಭಟ್ಟರೂ ಒಬ್ಬರು. ಚಿಕ್ಕಮ್ಮ ಕೊಟ್ಟ ಕೆಲವೇ ಶಿಲಿಂಗುಗಳಿಂದ ಕಿತ್ತಳೆಹಣ್ಣೂ ಸಕ್ಕರೆಯೂ ತಂದು ಮುರಬ್ಬ ಮಾಡಿ ಮಾರಿ ಬೆಳೆದ ಘಾನಾ ದೇಶದ ಎಸ್ತರ್ ಒಕ್ಲೂ ಇನ್ನೊಬ್ಬರು. 1996ರಲ್ಲಿ ಮನೆಯಲ್ಲೇ ಕುಳಿತು ಗುತ್ತಿಗೆಯ ಕೆಲಸ ಮಾಡುವವರಿಗಾಗಿ ಜಿನೀವಾದಲ್ಲಿ 177ನೆಯ ಒಪ್ಪಂದ ಅಂಗೀಕಾರವಾಗಲು ಸೇವಾ ಸಂಘದ ಹೆಂಗಸರ ಪಟ್ಟು ದೊಡ್ಡ ಕಾರಣ. ವಿಷಾದವೆಂದರೆ, ಭಾರತ ಸರಕಾರ ಅದಕ್ಕೆ ಇನ್ನೂ ಸಹಿ ಹಾಕಿಲ್ಲ.

ಈ ಕತೆಯಲ್ಲಿ ಒಂದು ಕಹಿಯೂ ಉಂಟು. 1981ರಲ್ಲಿ ಮೀಸಲಾತಿಯ ವಿರುದ್ಧ ಗಲಭೆ ಎದ್ದಾಗ ಇಲಾ ಭಟ್ ದಲಿತರ ಪರವಾಗಿ ಮಾತಾಡಿದರು. ಮಜೂರ್ ಮಹಾಜನ ಸಂಘ ಸೇವಾವನ್ನು ಹೊರಹಾಕಿತು. ಕೈಹಿಡಿದು ಬೆಳೆಸಿದ ಸಂಘವೇ, ಬೆಳೆದ ಮಗಳು ಸ್ವಂತ ಮಾತಾಡಿದೊಡನೆ ಬಾಗಿಲು ಮುಚ್ಚಿತು. ಸೇವಾ ಇಂದು 20 ಲಕ್ಷಕ್ಕೂ ಮಿಕ್ಕಿ ಸದಸ್ಯೆಯರ ಸಂಘವಾಗಿದೆ. ನಷ್ಟ ಯಾರಿಗಾಯಿತೆಂದು ಓದುಗರೇ ಹೇಳಲಿ.

ನಮ್ಮ ಕನ್ನಡನಾಡಿಗೂ ಈ ಪರಂಪರೆಯಲ್ಲಿ ಪಾಲಿದೆ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿದಾಗ ಅವರಿಗೆ ಇಪ್ಪತ್ಮೂರು ವರ್ಷ. ಸ್ಪರ್ಧಿಸೆಂದು ಒತ್ತಾಯಿಸಿದವರು, ಐರ್ಲೆಂಡಿನಲ್ಲಿ ಹೆಂಗಸರ ಮತದ ಹಕ್ಕಿಗಾಗಿ ಸೆರೆಮನೆ ಕಂಡಿದ್ದ ಮಾರ್ಗರೆಟ್ ಕಸಿನ್ಸ್. ಕಮಲಾದೇವಿ ಕೆಲವೇ ಮತಗಳಿಂದ ಸೋತರು. ಆದರೂ ಮರುವರ್ಷ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸ್ಥಾಪನೆಯಾದಾಗ ಅದರ ಸಂಘಟನಾ ಕಾರ್ಯದರ್ಶಿಯ ಹೊಣೆ ಅವರಿಗೇ ಬಂತು. ಸೋತವಳನ್ನು ಮೂಲೆಗೆ ಕೂಡಿಸದೆ ಇನ್ನೂ ದೊಡ್ಡ ಕೆಲಸ ಕೊಟ್ಟದ್ದರಲ್ಲಿ ಹಿರಿಯರ ಜಾಣ್ಮೆ ಕಾಣುತ್ತದೆ.

ಮುಂಬಯಿಯಲ್ಲಂತೂ ದೂರ ಹೋಗಬೇಕಾಗಿಲ್ಲ. ಗಿರಣಗಾಂವದಲ್ಲಿ ಗಿರಣಿ ಕಾರ್ಮಿಕರಿಗೆ ಊಟ ಬೇಯಿಸಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣ ಮಹಿಳಾ ಮಂಡಳದಲ್ಲಿ ಕೂಡಿಸಿದರು. ಬಡ್ಡಿಯ ಸಾಹುಕಾರನ ಕೈಯಲ್ಲಿದ್ದವರಿಗೆ ಬ್ಯಾಂಕಿನ ಸಾಲ ಕೊಡಿಸಿದರು. ಆ ಅನ್ನ ಉಂಡವರು ನಾವು. ಅದನ್ನು ಬೇಯಿಸಿದವರಿಗೂ ಒಂದು ಸಂಘ ಬೇಕೆಂದು ನಮಗೇಕೆ ಹೊಳೆಯಲಿಲ್ಲ?

ಈಗ ನಮ್ಮ ಹೋಟೇಲುಗಳ ಹಿಂಬಾಗಿಲಿಗೆ ಹೋಗಿ ನೋಡಿ. ಪಾತ್ರೆ ತೊಳೆಯುವವರು, ತರಕಾರಿ ಹೆಚ್ಚುವವರು, ಅಕ್ಕಿ ಆರಿಸುವವರು ಬಹುಪಾಲು ಹೆಂಗಸರು. ಗಲ್ಲಾದ ಮೇಲೆ ಕುಳಿತವಳು ಅಪರೂಪ. ನಮ್ಮ ಮನೆಗಳಲ್ಲಿ ಹಪ್ಪಳ ಲಟ್ಟಿಸಿ, ಗುಂಡಿ ಹೊಲಿದು ನಾಲ್ಕು ಕಾಸು ತರುವವರುಂಟು. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ನಮ್ಮ ಸಭೆಗಳು ರಾತ್ರಿ ಪಾಳಿ ಮುಗಿದ ಮೇಲೆ ಹತ್ತು ಗಂಟೆಗೆ ಕೂಡುತ್ತವೆ. ಮಗುವನ್ನು ಮಲಗಿಸಿ, ನಾಳಿನ ಡಬ್ಬಿಗೆ ಅಣಿಮಾಡುವ ಹೆಂಗಸು ಆ ಹೊತ್ತಿಗೆ ಹೇಗೆ ಬಂದಾಳು? ಬರಲಾಗದ ಹೊತ್ತಿಗೆ ಸಭೆ ಕರೆದು, ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ.

"ಗಂಡಸರಿಗೇ ಕೂಲಿ ಸಾಲದಿರುವಾಗ ಇದೊಂದು ಹೊಸ ಗೊಡವೆ ಏಕೆ?" ಎಂದು ಕೇಳುವ ಸೋದರರಿಗೆ ಒಂದೇ ಮಾತು. ಅಗ್ಗದ ಕೂಲಿಗೆ ಮೂಕಳಾಗಿ ದುಡಿಯುವವಳು ಒಬ್ಬಳಿರುವವರೆಗೂ ಮಾಲೀಕನು ಅವಳನ್ನು ತೋರಿಸಿಯೇ ನಿಮ್ಮ ಕೂಲಿಯನ್ನೂ ಇಳಿಸುತ್ತಾನೆ. ಅವಳಿಗೆ ದನಿ ಬಂದರೆ ನಿಮ್ಮ ಕೂಲಿಗೂ ಕಾವಲಾಗುತ್ತದೆ.

ಹಾಗಾದರೆ ಏನು ಮಾಡಬೇಕು? ನಾಲ್ಕು ಕೆಲಸಗಳು ನಮ್ಮ ಕೈಯಲ್ಲೇ ಇವೆ. ತಿಂಗಳಿಗೊಂದು ಸಭೆಯನ್ನಾದರೂ ಮಧ್ಯಾಹ್ನದ ಬಿಡುವಿನಲ್ಲಿ ಕರೆಯಬೇಕು. ಮನೆಯಲ್ಲಿ ದುಡಿಯುವವಳಿಗೂ ಸದಸ್ಯತ್ವ ಕೊಡಬೇಕು. ಕಾರ್ಯಕಾರಿ ಮಂಡಳಿಯಲ್ಲಿ ಇಬ್ಬರು ತರುಣಿಯರನ್ನು ತೆಗೆದುಕೊಂಡು, ಒಬ್ಬಳನ್ನು ಖಜಾಂಚಿಯ ಬಳಿಯೂ ಇನ್ನೊಬ್ಬಳನ್ನು ಕಾರ್ಯದರ್ಶಿಯ ಬಳಿಯೂ ಒಂದು ವರ್ಷ ಕೂರಿಸಿ ಕೆಲಸ ಕಲಿಸಬೇಕು. ವರ್ಷ ತುಂಬಿದ ಮೇಲೆ ಪುಸ್ತಕವನ್ನೂ ಬೀಗದ ಕೈಯನ್ನೂ ಅವರಿಗೆ ಒಪ್ಪಿಸಿ ಹಿರಿಯರು ಬದಿಗೆ ಸರಿಯಬೇಕು. ಈ ನಾಲ್ಕನೆಯದೇ ಕಷ್ಟದ ಕೆಲಸ. ಕಲಿಸಿದವಳು ನಮ್ಮ ಮಾತಿಗೆ ಎದುರಾಡುವ ದಿನವೂ ಬರುತ್ತದೆ. ಅಂದು ಅಹಮದಾಬಾದಿನವರು ಮಾಡಿದಂತೆ ಮಾಡದಿರೋಣ.

ಮುಂಬರುವ ಮಹಾಸಭೆಯಲ್ಲಿ ಈ ಠರಾವನ್ನು ಯಾರಾದರೂ ಒಬ್ಬರು ಮಂಡಿಸಲಿ, ಇನ್ನೊಬ್ಬರು ಅನುಮೋದಿಸಲಿ. ಮತಕ್ಕೆ ಹಾಕುವ ಮುನ್ನ ಬಾಗಿಲ ಬಳಿ ನಿಂತ ಅಕ್ಕತಂಗಿಯರನ್ನು ಒಳಗೆ ಕರೆದು ಕುರ್ಚಿ ಕೊಡೋಣ. ಅವರ ವಿಷಯದ ಠರಾವಿಗೆ ಅವರೂ ಕೈಯೆತ್ತಲಿ.