ಹಳಗನ್ನಡದ ಪದವಿ ಮತ್ತು ಅನ್ನದ ಪ್ರಶ್ನೆ

ಕನ್ನಡವನ್ನೋ ಪ್ರಾಕೃತವನ್ನೋ ಸ್ನಾತಕೋತ್ತರ ಪದವಿಗೆ ಆಯ್ದುಕೊಂಡ ವಿದ್ಯಾರ್ಥಿಗೆ ಮನೆಯವರು ಮೊದಲು ಕೇಳುವುದು, ಇದರಿಂದ ಕೆಲಸ ಸಿಕ್ಕೀತೇ ಎಂದು. ಇದನ್ನು ಲೌಕಿಕರ ಅಲ್ಪದೃಷ್ಟಿಯೆಂದು ತಳ್ಳಿಹಾಕುವುದು ವಿದ್ವಾಂಸರಿಗೆ ಶೋಭಿಸದು. ಅರಿಕೇಸರಿಯು ಪಂಪನಿಗೆ ಅಗ್ರಹಾರವಿತ್ತುದನ್ನು ಅಭಿಮಾನದಿಂದ ಬೋಧಿಸುವವರು ವಿದ್ಯಾರ್ಥಿಯ ಅನ್ನದ ಚಿಂತೆಯನ್ನು ಹಗುರವಾಗಿ ಕಾಣುವುದೆಂತು?

ಆದರೆ ಪ್ರಶ್ನೆಯನ್ನು ಕೇಳಬೇಕಾದುದು ವಿಷಯದ ಹೆಸರನ್ನಲ್ಲ, ಆ ವಿಷಯವನ್ನು ಕಲಿಸುವ ರೀತಿಯನ್ನು. ವೀರಸೇನರ 'ಧವಲಾ' ಟೀಕೆಯ ಓಲೆಗರಿಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಅವುಗಳ ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಹಳಗನ್ನಡ. ಪ್ರಾಕೃತವನ್ನಷ್ಟೇ ಬಲ್ಲವನಿಗೆ ಲಿಪಿ ತೊಡಕು, ಲಿಪಿಯನ್ನಷ್ಟೇ ಬಲ್ಲವನಿಗೆ ಅರ್ಥ ತೊಡಕು. ಕನ್ನಡ ಮತ್ತು ದೇವನಾಗರಿಗಳಲ್ಲಿ ಪ್ರತಿಗಳಾದ ಬಳಿಕವಷ್ಟೇ ಆ ಗ್ರಂಥ ಹೊರಜಗತ್ತಿಗೆ ಬಂದಿತು. ಅಮರಾವತಿಯ ಕಾಲೇಜೊಂದರಲ್ಲಿ ಸಂಸ್ಕೃತ ಅಧ್ಯಾಪಕರಾಗಿದ್ದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಹೊರಬಂದು, 1958ರ ಹೊತ್ತಿಗೆ 16 ಸಂಪುಟಗಳು ಪೂರ್ಣಗೊಂಡವು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಂ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಲೇ ಪ್ರಾಕೃತ ಗ್ರಂಥಸಂಪಾದನೆಗೆ ಮಾದರಿಯಾದರು. ಇವರ ಬಳಿ ಇದ್ದುದು ಬರಿಯ ಪದವಿಯಲ್ಲ, ಬೇರೆಯವರಿಗೆ ಸುಲಭದಲ್ಲಿ ದಕ್ಕದ ಓದುವ ಶಕ್ತಿ.

ಇಂದಿನ ಕನ್ನಡ ಎಂ.ಎ. ವಿದ್ಯಾರ್ಥಿಯು ಕಾವ್ಯಮೀಮಾಂಸೆಯ ಟಿಪ್ಪಣಿಗಳನ್ನು ಬಾಯಿಪಾಠ ಮಾಡಿ, ಶಾಸನದ ಪಡಿಯಚ್ಚೊಂದನ್ನೂ ಓದದೆ, ಓಲೆಗರಿಯನ್ನು ಕೈಯಲ್ಲಿ ಹಿಡಿಯದೆ ಉತ್ತೀರ್ಣನಾಗಬಲ್ಲನು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗವು ಮೈಸೂರಿನಲ್ಲಿಯೇ ಇದ್ದರೂ ಅತ್ತ ಸುಳಿಯದೆ ಆ ಊರಿನಲ್ಲಿಯೇ ಓದು ಮುಗಿಸಲು ಅಡ್ಡಿಯಿಲ್ಲ. ಇಂಥವನಿಗೆ ಉಳಿಯುವ ದಾರಿ ಅಧ್ಯಾಪನವೊಂದೇ. ಅದೂ ಬಹುಮಟ್ಟಿಗೆ ಅತಿಥಿ ಉಪನ್ಯಾಸಕನಾಗಿ, ವರ್ಷವರ್ಷವೂ ಆದೇಶಕ್ಕೆ ಕಾಯುತ್ತ. ಈ ದುಃಸ್ಥಿತಿಗೆ ಸಾಹಿತ್ಯವನ್ನು ಹೊಣೆಯಾಗಿಸುವುದು ಅನ್ಯಾಯ. ಪಠ್ಯಕ್ರಮ ರೂಪಿಸಿದವರು ಹೊಣೆ.

ಲಿಪಿ ಬಲ್ಲವರಿಗೂ ಹುದ್ದೆಗಳು ಹೇರಳವಾಗಿವೆ ಎಂದು ಹೇಳುವುದು ಸುಳ್ಳಾದೀತು. ಇರುವ ಹುದ್ದೆಗಳೇ ಕೆಲವು. ಆದರೂ ಹಸ್ತಪ್ರತಿ ಭಂಡಾರ, ವಸ್ತುಸಂಗ್ರಹಾಲಯ, ಗಣಕೀಕರಣ ಯೋಜನೆಗಳಲ್ಲಿ ಹಳೆಯ ಬರೆಹವನ್ನು ತಪ್ಪಿಲ್ಲದೆ ಓದಬಲ್ಲವರನ್ನು ಹುಡುಕಬೇಕಾಗುತ್ತದೆ. 2024ರಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಿದೆ. ಕನ್ನಡಕ್ಕೆ ಅದು 2008ರಲ್ಲಿಯೇ ದೊರೆತಿತ್ತು. ಎರಡೂ ಭಾಷೆಗಳನ್ನು ಬಲ್ಲ ಒಬ್ಬ ವಿದ್ಯಾರ್ಥಿಯನ್ನು ಸಿದ್ಧಪಡಿಸುವಂತೆ ಕನ್ನಡ ವಿಭಾಗಗಳು ಒಂದು ಷಣ್ಮಾಸವನ್ನಾದರೂ ಲಿಪಿಗೆ, ಇನ್ನೊಂದನ್ನು ಪ್ರಾಕೃತಕ್ಕೆ ಮೀಸಲಿಟ್ಟರೆ, ಮನೆಯವರ ಪ್ರಶ್ನೆಗೆ ಆತನ ಬಳಿ ಉತ್ತರವೊಂದಿರುತ್ತದೆ.