ಬರಿದಾದ ಮೇಳ

ಕೋಬೆ ಪಟ್ಟಣದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಹಿಂದಿರುಗಿದ ನಿಮಿತ್ತ, ಜಪಾನಿನ ವಿಷಯವಾಗಿ ಏನಾದರೂ ಬರೆಯಬೇಕೆಂದು ಈ ಪತ್ರಿಕೆಯ ವಾಚಕರನೇಕರು ಕೇಳಿರುವರು. ಅಲ್ಲಿಯ ದೇವಾಲಯಗಳನ್ನೂ ಹೂಮರಗಳನ್ನೂ ಕುರಿತು ಬಲ್ಲವರು ಬೇಕಾದಷ್ಟು ಬರೆದಿರುವುದರಿಂದ, ನಾನು ಈ ತಿಂಗಳು ಆ ದೇಶದ ಗೃಹಸ್ಥರು ಸಂಜೆಯ ವೇಳೆ ಒಟ್ಟಿಗೆ ಕುಳಿತು ಹಾಡಿಕೊಳ್ಳುವ ಹಾಡುಗಳ ವಿಷಯವನ್ನು ನಿವೇದಿಸುವೆನು.

ಈ ವಿನೋದಕ್ಕೆ ಕರಓಕೆ ಎಂದು ಹೆಸರು. 'ಕರ' ಎಂದರೆ ಬರಿದು. 'ಓಕೆ' ಎಂಬುದು ವಾದ್ಯಮೇಳವನ್ನು ಹೇಳುವ ಆಂಗ್ಲ ಶಬ್ದದ ತುಂಡು. ಮೇಳದ ಸ್ಥಳ ಬರಿದಾಗಿದೆ, ವಾದ್ಯಗಾರರಿಲ್ಲ, ಯಂತ್ರವೇ ನುಡಿಸುವುದೆಂದು ತಾತ್ಪರ್ಯ. (ನಮ್ಮ ವ್ಯಾಕರಣದಂತೆ ವೃದ್ಧಿಸಂಧಿಯಾಗಿ 'ಕರೌಕೆ' ಎಂದಾಗಬೇಕಾಗಿದ್ದಿತು, ಅವರು ಸಂಧಿ ಮಾಡದೆ ಬಿಟ್ಟಿರುವರು.) ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಚಿಕ್ಕ ಕೊಠಡಿ; ಒಳಗಿನ ಧ್ವನಿ ಹೊರಗೆ ಹೋಗದಂತೆ ಗೋಡೆಗಳು; ಎದುರಿಗೆ ತೆರೆಯ ಮೇಲೆ ಹಾಡಿನ ಮಾತುಗಳು. ಯಾವ ಅಕ್ಷರವನ್ನು ಹಾಡಬೇಕೋ ಅದರ ಬಣ್ಣವು ಆಯಾ ಕ್ಷಣದಲ್ಲಿ ಬದಲಾಗುವುದು. ಶ್ರುತಿಯನ್ನು ಏರಿಸುವುದಕ್ಕೂ ಇಳಿಸುವುದಕ್ಕೂ ಗುಂಡಿಗಳುಂಟು. ಬೇಕೆಂದವರಿಗೆ ಯಂತ್ರವೇ ಕಡೆಯಲ್ಲಿ ನೂರಕ್ಕೆ ಇಷ್ಟೆಂದು ಅಂಕಗಳನ್ನೂ ಕೊಡುವುದು. ಇಂಥ ಕೊಠಡಿಗಳು 1980ರ ದಶಕದ ನಡುವೆ ಓಕಯಾಮ ಪ್ರಾಂತದಲ್ಲಿ, ಸರಕು ಸಾಗಿಸುವ ಹಳೆಯ ಕಬ್ಬಿಣದ ಪೆಟ್ಟಿಗೆಗಳನ್ನೇ ಮಾರ್ಪಡಿಸಿ ಪ್ರಾರಂಭವಾದುವು.

ಯಂತ್ರವು ಅದಕ್ಕಿಂತ ಹಳೆಯದು. ತೋಕ್ಯೋ ನಗರದ ನೆಗಿಶಿ ಶಿಗೆಇಚಿ ಎಂಬ ಕಾರ್ಖಾನೆಯ ಯಜಮಾನರಿಗೆ ಹಾಡಿಕೊಳ್ಳುವ ಅಭ್ಯಾಸವಿದ್ದಿತು. ಜೊತೆಯಲ್ಲಿ ಕೆಲಸ ಮಾಡುವವನೊಬ್ಬನು ಅದನ್ನು ಪರಿಹಾಸ ಮಾಡಿದನು. ಹಿಂದೆ ವಾದ್ಯವೊಂದಿದ್ದರೆ ತನ್ನ ಹಾಡು ಇಷ್ಟು ಕೆಟ್ಟದಾಗಿ ಕೇಳದೆಂದು ಎಣಿಸಿ, ಅವರು 1967ರಲ್ಲಿ ಒಂದು ಪೆಟ್ಟಿಗೆಯನ್ನು ಮಾಡಿಸಿದರು. ಅವರು 2024ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು. ಅವರ ಸುದ್ದಿಯನ್ನರಿಯದೆಯೇ ಕೋಬೆಯಲ್ಲಿ ಇನೊಉಎ ದಾಇಸುಕೆ ಎಂಬ ವಾದ್ಯಗಾರರು 1971ರಲ್ಲಿ ಇನ್ನೊಂದು ಯಂತ್ರವನ್ನು ನಿರ್ಮಿಸಿದರು. ಪಾನಗೃಹಗಳಲ್ಲಿ ಹಾಡುವ ಗಿರಾಕಿಗಳಿಗೆ ಪಕ್ಕವಾದ್ಯ ನುಡಿಸುವುದು ಅವರ ಜೀವನೋಪಾಯ. ಬಿಸಿನೀರಿನ ಬುಗ್ಗೆಯ ಊರಿಗೆ ತನ್ನೊಡನೆ ಬಾರೆಂದು ಗಿರಾಕಿಯೊಬ್ಬನು ಕರೆಯಲು, ಹೋಗಲಾರದೆ, ಆತನ ಕಂಠಕ್ಕೆ ಹೊಂದುವಂತೆ ನುಡಿಸಿ ಮುದ್ರಿಸಿದ ಸುರುಳಿಯನ್ನು ಕೊಟ್ಟು ಕಳುಹಿಸಿದರು. ಯಂತ್ರವು ಅದರಿಂದ ಹುಟ್ಟಿತು. ಇನೊಉಎಯವರು ಅದಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲವಾದ್ದರಿಂದ, ಲೋಕವೆಲ್ಲ ಹಾಡಿತು, ಹಣ ಇತರರಿಗೆ ಸೇರಿತು. ಮನುಷ್ಯರು ಒಬ್ಬರನ್ನೊಬ್ಬರು ಸಹಿಸುವುದಕ್ಕೆ ಹೊಸ ಮಾರ್ಗವನ್ನು ತೋರಿದರೆಂದು 2004ರಲ್ಲಿ ಅಮೆರಿಕೆಯ ವಿನೋದಪರವಾದ ಇಗ್ನೊಬೆಲ್ ಸಂಸ್ಥೆಯವರು ಅವರಿಗೆ ಶಾಂತಿಯ ಬಹುಮಾನವನ್ನು ಕೊಟ್ಟರು.

ಇನ್ನು ಹಾಡುಗಳು. 'ಎಂಕ' ಎಂಬ ಜಾತಿಯ ಶೋಕಗೀತಗಳು ವಯಸ್ಸಾದವರಿಗೆ ಪ್ರಿಯ. ಇಶಿಕಾವ ಸಯುರಿ ಎಂಬಾಕೆ 1977ರಲ್ಲಿ ಹಾಡಿದ 'ತ್ಸುಗಾರು ಜಲಸಂಧಿಯ ಚಳಿಗಾಲದ ನೋಟ'ವು ಅವುಗಳಲ್ಲಿ ಪ್ರಸಿದ್ಧವಾದುದು. ಪ್ರಿಯನನ್ನು ತೊರೆದ ಹೆಂಗಸೊಬ್ಬಳು ರಾತ್ರಿಯ ರೈಲಿನಲ್ಲಿ ಹಿಮ ಬೀಳುವ ಅವೊಮೊರಿಗೆ ಬಂದು, ಮಾತಿಲ್ಲದ ಜನರ ನಡುವೆ ಉತ್ತರದ ದ್ವೀಪಕ್ಕೆ ಹೋಗುವ ಹಡಗನ್ನೇರುವಳು. ಕಥೆ ಇಷ್ಟೇ. 1988ರಲ್ಲಿ ಸಮುದ್ರದಡಿಯ ಸುರಂಗದಲ್ಲಿ ರೈಲು ಓಡಲಾರಂಭಿಸಿದ ಮೇಲೆ ಆ ರೈಲುಖಾತೆಯ ಹಡಗು ನಿಂತುಹೋಯಿತು. ಆದರೆ ಕೊಠಡಿಗಳಲ್ಲಿ ಆಕೆ ಈಗಲೂ ಪ್ರತಿ ಸಂಜೆ ಅದನ್ನೇರುತ್ತಲೇ ಇರುವಳು. ಈ ಜಾತಿಯ ಹಾಡಿನಲ್ಲಿ ಸ್ವರವನ್ನು ಅಲುಗಿಸುವ 'ಕೊಬುಶಿ' ಎಂಬ ಕ್ರಮವೊಂದುಂಟು. ನಮ್ಮ ಗಮಕದ ದೂರದ ನೆಂಟನೆಂದರೆ ತಪ್ಪಾಗದು. ಅದು ಬಾರದವರು 'ಉತ್ತರ ನಾಡಿನ ವಸಂತ'ವೆಂಬ, ಅದೇ 1977ರ ಇನ್ನೊಂದು ಹಾಡನ್ನು ಆರಿಸಿಕೊಳ್ಳಬಹುದು. ಮಧ್ಯಮ ನಿಷಾದಗಳೆರಡನ್ನೂ ಬಿಟ್ಟ ಐದು ಸ್ವರಗಳ ಹಾಡಾದ್ದರಿಂದ, ಮೋಹನ ರಾಗವನ್ನು ಬಲ್ಲ ಕಿವಿಗೆ ಅದು ಮೊದಲ ಸಲವೇ ಪರಿಚಿತವೆನಿಸುವುದು. ಮಿಸೋರಾ ಹಿಬಾರಿಯವರ 'ನದಿಯ ಹರಿವಿನಂತೆ' ಎಂಬುದು 1989ರ ಜನವರಿಯಲ್ಲಿ ಹೊರಬಂದಿತು; ಅದೇ ವರ್ಷದ ಜೂನಿನಲ್ಲಿ ಆ ಮಹಾಗಾಯಕಿ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಳೆಯರು ಮೆಚ್ಚುವುದು ಬೇರೆ. ನಕಜಿಮ ಮಿಯುಕಿಯವರ 1992ರ 'ನೂಲು' ಎಂಬ ಹಾಡನ್ನು ಮದುವೆಗಳಲ್ಲಿಯೂ ಹಾಡುವರು. ದಂಪತಿಗಳ ಬಾಳನ್ನು ಅದರಲ್ಲಿ ಹಾಸುಹೊಕ್ಕಿಗೆ ಹೋಲಿಸಿರುವುದು.

ಆದರೆ ಎಲ್ಲ ವಯಸ್ಸಿನವರಿಗೂ ಬರುವುದು 1961ರ 'ಮೇಲೆ ನೋಡುತ್ತ ನಡೆಯೋಣ' ಎಂಬುದೇ. ಕಣ್ಣೀರು ಕೆಳಗೆ ಬೀಳದಿರಲೆಂದು ಆಕಾಶವನ್ನು ನೋಡುತ್ತ ಒಬ್ಬನೇ ನಡೆಯುವವನ ಹಾಡಿದು. ಎಇ ರೊಕುಸುಕೆ ಬರೆದ ಮಾತಿಗೆ ನಕಮುರ ಹಚಿದಾಇ ರಾಗ ಹಾಕಿ, ಸಕಮೊತೊ ಕ್ಯೂ ಹಾಡಿದರು. ಲಯವು ನಡಿಗೆಯದೇ, ನಡುವೆ ಸಿಳ್ಳಿನ ಭಾಗವೊಂದಿರುವುದರಿಂದ ಹಾಡಲು ಹೆದರುವವರಿಗೂ ಕೆಲಸವುಂಟು. 1963ರ ಜೂನಿನಲ್ಲಿ ಅಮೆರಿಕೆಯಲ್ಲಿ ಇದು ಮೂರು ವಾರ ಮೊದಲನೆಯ ಸ್ಥಾನದಲ್ಲಿದ್ದಿತು. ಅಲ್ಲಿ ಅದಕ್ಕಿದ್ದ ಹೆಸರು ಮಾತ್ರ 'ಸುಕಿಯಾಕಿ', ಅಂದರೆ ಒಂದು ಮಾಂಸದ ಅಡಿಗೆ! ವಿರಹಗೀತಕ್ಕೆ ಬಿಸಿಬೇಳೆಹುಳಿಯೆಂದು ಹೆಸರಿಟ್ಟರೆ ನಮಗೆ ಹೇಗಾಗುವುದು? ಸಕಮೊತೊ 1985ರ ಆಗಸ್ಟ್ 12ರಂದು ವಿಮಾನವೊಂದು ಬೆಟ್ಟಕ್ಕೆ ಬಡಿದು 520 ಮಂದಿ ಮೃತರಾದಾಗ, ಅವರಲ್ಲೊಬ್ಬರಾದರು.

ಭಾಷೆ ಬಾರದವರು ಹಾಡುವುದು ಹೇಗೆಂದು ಕೇಳಬಹುದು. ಜಪಾನೀ ಅಕ್ಷರಮಾಲೆಯು ಅ, ಇ, ಉ, ಎ, ಒ ಎಂದಾರಂಭಿಸಿ ಕ, ಸ, ತ, ನ, ಹ, ಮ, ಯ, ರ, ವ ಎಂದು ನಡೆಯುವುದು. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನು ಕಲಿತುದರ ಫಲವಿದು. 'ಹ'ಕಾರವು ಪೂರ್ವದಲ್ಲಿ 'ಪ'ಕಾರವಾಗಿದ್ದಿತೆಂದರೆ ನಮ್ಮ ವರ್ಣಕ್ರಮವೇ ಕಾಣುವುದು. ಅನುಸ್ವಾರದಂಥ ಒಂದನ್ನು ಬಿಟ್ಟರೆ ಅವರ ಪದಗಳೆಲ್ಲವೂ ಕನ್ನಡದ ಪದಗಳಂತೆ ಸ್ವರಾಂತ. ಆದ್ದರಿಂದ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ನಮ್ಮ ನಾಲಗೆಗೆ ಕಷ್ಟವೇ ಇಲ್ಲ.

ಇದನ್ನು ಮೊದಲು ಕಂಡುಕೊಂಡವಳು ನಾನಲ್ಲ, ನನ್ನ ಗೃಹಿಣಿ.

ಇಲ್ಲಿ ಸ್ವಂತದ ಮಾತೊಂದನ್ನು ಹೇಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ನವರಾತ್ರಿಯ ಬೊಂಬೆಯಾರತಿಯ ದಿನ ಆಕೆ ನಾಲ್ಕು ಜನರ ಮುಂದೆ ಹಾಡುತ್ತಿರಲು, "ಶ್ರುತಿ ಒಂದು ಕಡೆ, ನೀನೊಂದು ಕಡೆ, ಸಾಕು ನಿಲ್ಲಿಸು" ಎಂದುಬಿಟ್ಟೆನು. ಆಗ ನನಗೆ ಶಾಸ್ತ್ರದ ಗರ್ವ ಬಹಳ. ಆಕೆ ನಿಲ್ಲಿಸಿದಳು. ಆ ಮೇಲೆ ನನ್ನ ಕಿವಿಗೆ ಬೀಳುವಂತೆ ಒಂದು ಸಲವೂ ಹಾಡಲಿಲ್ಲ. ತೊಟ್ಟಿಲ ಹಾಡೂ ನಾನು ಹೊಸ್ತಿಲಿಗೆ ಬರುವಾಗ ನಿಂತುಹೋಗುತ್ತಿದ್ದಿತು.

ಕೋಬೆಯಲ್ಲಿ ನೆರೆಮನೆಯ ವೃದ್ಧ ದಂಪತಿಗಳೊಡನೆ ನಾವೆಲ್ಲರೂ ಆ ಕೊಠಡಿಗೆ ಹೋಗಿದ್ದೆವು. ಆ ಮುದುಕಿ ಜಲಸಂಧಿಯ ಹಾಡನ್ನು ಹಾಡಿದರು. ಶ್ರುತಿ ತಪ್ಪಿದುದು ನನಗೂ ತಿಳಿಯಿತು, ಅವರ ಯಜಮಾನರಿಗೂ ತಿಳಿದಿರಬೇಕು. ಆತನು ಹಾಡು ಮುಗಿಯುವವರೆಗೆ ತಾಳ ಹಾಕಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದನು. ಬಳಿಕ ಎಂಟು ವರ್ಷದ ಮೊಮ್ಮಗಳು, "ಅಜ್ಜೀ, ಈಗ ನಿಮ್ಮದು" ಎಂದಳು. ಆಕೆ ಕೈಚೀಲದಿಂದ ಮಡಿಸಿದ ನೋಟುಪುಸ್ತಕವೊಂದನ್ನು ತೆಗೆದಳು. ಅದರಲ್ಲಿ ಮೊಮ್ಮಗಳು ಹೇಳಿಕೊಟ್ಟ 'ಮೇಲೆ ನೋಡುತ್ತ ನಡೆಯೋಣ' ಪೂರ್ತಿಯಾಗಿ ಕನ್ನಡ ಲಿಪಿಯಲ್ಲಿದ್ದಿತು. ನನ್ನ ಕಡೆ ನೋಡದೆಯೇ, "ಶ್ರುತಿ ಎರಡು ಮನೆ ಇಳಿಸುವಿರಾ?" ಎಂದು ಕೇಳಿದಳು. ಗುಂಡಿಗಳು ನನ್ನ ಬಳಿಯಲ್ಲಿದ್ದುವು. ಇಳಿಸಿದೆನು.

ಹಾಡಿನ ವಿಷಯವನ್ನು ನಾನೇನೂ ಹೇಳುವುದಿಲ್ಲ. ಯಂತ್ರವು ನೂರಕ್ಕೆ 72 ಕೊಟ್ಟಿತು. ಅನಂತರ ಅಳಿಯಂದಿರ ಬಲವಂತಕ್ಕೆ ನಾನು ಹಾಡಲು, 58 ಬಂದಿತು. ಮೊಮ್ಮಗಳು ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಳು.

ಊರಿಗೆ ಬಂದ ಮೇಲೆ ಆಕೆಗೆ 'ನೂಲು' ಹಾಡು ಬೇಕಾಗಿದೆ. ಅಕ್ಷರ ದುಂಡಗಿರುವುದು ನನ್ನದಾದ್ದರಿಂದ ಬರೆಯುವ ಕೆಲಸ ನನಗೆ ಬಿದ್ದಿದೆ. ಮಗಳು ದೂರವಾಣಿಯಲ್ಲಿ ಹೇಳುವಳು, ನಾನು ಕೇಳಿ ಬರೆಯುವೆನು. ನಿನ್ನೆಗೆ ಅರ್ಧ ಮುಗಿಯಿತು.