ಕೆಸರು ಅವರಿಗೆ, ಹೆಸರು ನಮಗೆ

ಡೊಂಬಿವಲಿಯಲ್ಲಿ ಕಾರಕೂನರಾಗಿರುವ ವಾಚಕರೊಬ್ಬರ ಪತ್ರವು ಕಳೆದ ವಾರ ನಮ್ಮ ಕೈಸೇರಿತು. ಕಾರ್ಕಳದ ಕಡೆಯ ಅವರ ಊರಿನಲ್ಲಿ ಅವರ ಅಕ್ಕನ ಮಗ, ಇಪ್ಪತ್ತನಾಲ್ಕು ವರುಷದ ತರುಣ, ಮುಂಬಯಿಗೆ ಬರಲೊಲ್ಲದೆ, ಹಡಿಲು ಬಿದ್ದಿದ್ದ ಕುಟುಂಬದ ಗದ್ದೆಯನ್ನು ಎರಡು ವರುಷಗಳಿಂದ ಬೇಸಾಯ ಮಾಡುತ್ತಿದ್ದಾನೆ. ಈ ಸಲ ಏಣೆಲಿಗೆ ಮುನ್ನ ಬೆಳೆಸಾಲ ಕೇಳಲು ಹೋದಾಗ, ಪಹಣಿಯಲ್ಲಿ ಹೆಸರಿಲ್ಲದವನಿಗೆ ಸಾಲವಿಲ್ಲವೆಂದು ಅವನನ್ನು ಹಿಂದಕ್ಕೆ ಕಳುಹಿಸಿದರಂತೆ. ಪಹಣಿಯಲ್ಲಿರುವುದು ತೀರಿಹೋದ ಅಜ್ಜಿಯ ಹೆಸರು. ಹಕ್ಕುದಾರರು ಏಳು ಮಂದಿ. ಅವರಲ್ಲಿ ಐವರು ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿದ್ದಾರೆ. “ಮಾವ, ಗದ್ದೆಯಲ್ಲಿ ನಾನಿದ್ದೇನೆ, ಕಾಗದದಲ್ಲಿ ಇಲ್ಲ. ಹೀಗಾದರೆ ನಾನೂ ಅಲ್ಲಿಗೇ ಬರುತ್ತೇನೆ, ಯಾವುದಾದರೊಂದು ಹೋಟೆಲಿನಲ್ಲಿ ಕೆಲಸ ನೋಡಿಕೊಡಿ” ಎಂದು ಆ ಹುಡುಗನು ಫೋನಿನಲ್ಲಿ ಹೇಳಿದನಂತೆ. ಏನು ಮಾಡುವುದೆಂದು ಪತ್ರಲೇಖಕರು ನಮ್ಮನ್ನು ಕೇಳಿದ್ದಾರೆ.

ಇದು ಒಂದು ಮನೆಯ ಸಮಸ್ಯೆಯಲ್ಲವೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಊರನ್ನು ಮನಸ್ಸಿನಿಂದ ಬಿಡಲಿಲ್ಲ, ಅದು ಸ್ತುತ್ಯವೇ. ಆದರೆ ಪಹಣಿಯಿಂದಲೂ ಬಿಡಲಿಲ್ಲ. ದೇಶದ ಹಿಡುವಳಿಯ ಸರಾಸರಿ ವಿಸ್ತೀರ್ಣವು 2015-16ರ ಕೃಷಿ ಗಣತಿಯಂತೆ 1.08 ಹೆಕ್ಟೇರು, ಅಂದರೆ ಎರಡೂಮುಕ್ಕಾಲು ಎಕರೆಗಿಂತಲೂ ಸ್ವಲ್ಪ ಕಡಿಮೆ. ಅಂಥ ತುಂಡು ಭೂಮಿಗೆ ಏಳೆಂಟು ಹಕ್ಕುದಾರರಿದ್ದು, ಅವರಲ್ಲಿ ಉಳುವವನು ಒಬ್ಬನೇ ಆಗಿ, ಅವನ ಹೆಸರೇ ಎಲ್ಲಿಯೂ ಇಲ್ಲದಿದ್ದರೆ ಅವನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಯುವಕರು ಕೃಷಿಗೆ ಮರಳಬೇಕೆಂದು ವೇದಿಕೆಗಳಲ್ಲಿ ಉಪದೇಶಿಸುವವರಿಗೆ ಕೊರತೆಯಿಲ್ಲ. ಮರಳಿದ ಯುವಕನ ಮಾತನ್ನು ಕೇಳುವವರು ಮಾತ್ರ ವಿರಳ. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯ ವಾರ್ಷಿಕ 6,000 ರೂಪಾಯಿ ಭೂಮಿಯ ಒಡೆತನವುಳ್ಳ ಕುಟುಂಬಕ್ಕೆ ಸಲ್ಲುತ್ತದೆ. ಬೆಳೆಸಾಲಕ್ಕೂ ಪಹಣಿ ಬೇಕು. ಗದಗದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗಿನಿಂದ ಸಹಕಾರವೆಂದರೆ ರೈತನಿಗೆ ಸಾಲ ಮಾತ್ರವಲ್ಲ, ಸಭೆಯಲ್ಲಿ ಒಂದು ಮತವೂ ಹೌದು. ಆದರೆ ಆ ಸಭೆಯ ಬಾಗಿಲಿನ ಕೀಲಿಕೈಯೂ ಭೂಮಿಯ ದಾಖಲೆಯಲ್ಲಿದೆ. ಡಾ. ಸ್ವಾಮಿನಾಥನ್‌ರ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗದ ಶಿಫಾರಸಿನ ಮೇಲೆ ರೂಪುಗೊಂಡ 2007ರ ರೈತರ ರಾಷ್ಟ್ರೀಯ ನೀತಿಯು ಗೇಣಿದಾರನನ್ನೂ ಕೃಷಿ ಕೂಲಿಕಾರನನ್ನೂ ರೈತನೆಂದೇ ಕರೆದಿದೆ. ನೀತಿಯು ಹಾಗೆ ಕರೆದರೂ ಕಚೇರಿಯ ಕಿಟಕಿಯಲ್ಲಿ ಕೇಳುವುದು ಪಹಣಿಯನ್ನೇ.

ನಾವು ಹೆಸರನ್ನು ಬಿಡದಿರುವುದಕ್ಕೆ ದುರಾಸೆಯೊಂದೇ ಕಾರಣವೆಂದು ಹೇಳಲಾರೆವು, ಭಯವೂ ಕಾರಣ. ದೇವರಾಜ ಅರಸರ ಕಾಲದ ಭೂಸುಧಾರಣೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನೇ ಒಡೆಯನಾದನು. ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದವರ ಮಕ್ಕಳೂ, ಅದೇ ಡಿಕ್ಲರೇಶನ್ನಿನಿಂದ ಭೂಮಿ ಕಳೆದುಕೊಂಡವರ ಮಕ್ಕಳೂ ಇಂದು ಈ ಪತ್ರಿಕೆಯನ್ನು ಒಂದೇ ಹೋಟೆಲಿನಲ್ಲಿ ಕುಳಿತು ಓದುತ್ತಿದ್ದಾರೆ. ಆ ಕಾನೂನು ನ್ಯಾಯವಾದುದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಪಹಣಿಯ 12ನೆಯ ಕಾಲಮಿನಲ್ಲಿ ಬೇರೊಬ್ಬನ ಹೆಸರು ಬಂದರೆ ಭೂಮಿ ಹೋಯಿತೆಂಬ ಅಂಜಿಕೆಯು ಐವತ್ತು ವರುಷಗಳ ಮೇಲೂ ಹೋಗಿಲ್ಲ. ಗದ್ದೆ ಹಡಿಲು ಬಿದ್ದರೂ ಸರಿ, ಇನ್ನೊಬ್ಬನು ಕಾಲಿಡಕೂಡದೆಂಬ ಹಟಕ್ಕೆ ಇದೇ ಮೂಲ.

ಇಲ್ಲಿ ಸರಕಾರದ ಹೊಣೆಯೂ ಇದೆ. ಕೃಷಿಕನಲ್ಲದವನೂ ಕೃಷಿಭೂಮಿಯನ್ನು ಕೊಳ್ಳಬಹುದೆಂದು ಕರ್ನಾಟಕವು 2020ರಲ್ಲಿ ಕಾನೂನನ್ನು ತಿದ್ದಿತು. ಹಣವಿಲ್ಲದ ಕೃಷಿಕನು ಭೂಮಿಯನ್ನು ನಿಶ್ಚಿಂತೆಯಿಂದ ಗೇಣಿಗೆ ಪಡೆಯಬಹುದೆಂದು ಮಾತ್ರ ಅಂದು ತಿದ್ದಲಿಲ್ಲ. ಆಂಧ್ರಪ್ರದೇಶವು 2019ರಲ್ಲಿ ಮಾಡಿದ ಕಾನೂನಿನಲ್ಲಿ ಒಡೆಯನೂ ಸಾಗುವಳಿದಾರನೂ 11 ತಿಂಗಳಿಗೆ ಒಪ್ಪಂದ ಬರೆದುಕೊಳ್ಳಬಹುದು. ಒಡೆತನಕ್ಕೆ ಅದರಿಂದ ಬಾಧೆಯಿಲ್ಲ, ಉಳುವವನು ಬೆಳೆಸಾಲವನ್ನೂ ವಿಮೆಯನ್ನೂ ಕೇಳುವುದಕ್ಕೆ ಅದು ಆಧಾರ. ಒಡೆಯನ ಭಯವನ್ನೂ ತರುಣನ ಅನಾಥಸ್ಥಿತಿಯನ್ನೂ ಒಟ್ಟಿಗೆ ನಿವಾರಿಸುವ ಇಂಥ ಏರ್ಪಾಡನ್ನು ಕರ್ನಾಟಕವೂ ಆಲೋಚಿಸಬೇಕು. ಹಳ್ಳಿಯ ಸಹಕಾರಿ ಸಂಘಗಳ ಆಡಳಿತ ಮಂಡಳಿಯಲ್ಲಿ 35 ವರುಷದೊಳಗಿನ ಕೃಷಿಕರಿಗೆ ಒಂದು ಸ್ಥಾನವನ್ನಾದರೂ ಮೀಸಲಿಡಬೇಕು. ಯುರೋಪಿನಲ್ಲಿ ಯುವ ಕೃಷಿಕರ ಪರವಾಗಿ ಮಾತನಾಡುವ ಒಕ್ಕೂಟವೊಂದು 1958ರಿಂದಲೇ ಇದೆ. ನಮ್ಮಲ್ಲಿ ಅವರ ಮಾತು ಊರಿನ ಸೊಸೈಟಿಯ ಸಭೆಯವರೆಗಾದರೂ ತಲಪುವುದು ಬೇಡವೆ?

ಅವಕಾಶ ಕೊಟ್ಟರೆ ಆಗುವುದಿಲ್ಲವೆಂಬ ಮಾತು ಸುಳ್ಳು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿ ಕೊಟ್ಟಿತು, ತೋಟದಲ್ಲಿ ದುಡಿದವರು ತಮ್ಮ ಅನುಭವವನ್ನು ತಾವೇ ಬರೆದರು, ಓದುಗರು ಓದಿ ಪ್ರಯೋಜನ ಪಡೆದರು. 2021ರಲ್ಲಿ ಉಡುಪಿಯಲ್ಲಿ ಅಂದಿನ ಶಾಸಕ ಕೆ. ರಘುಪತಿ ಭಟ್ಟರ ನೇತೃತ್ವದಲ್ಲಿ ಕೇದಾರೋತ್ಥಾನ ಟ್ರಸ್ಟು ವರುಷಗಟ್ಟಲೆ ಹಡಿಲು ಬಿದ್ದಿದ್ದ ಗದ್ದೆಗಳಲ್ಲಿ ಬೇಸಾಯ ಮಾಡಿಸಿತು. ನೆಲ ಸತ್ತಿಲ್ಲವೆಂಬುದು ಅದರಿಂದ ಸಿದ್ಧವಾಯಿತು. ಆದರೆ ಆಂದೋಲನವು ನೇಜಿ ನೆಡಬಲ್ಲದು; ವರುಷ ವರುಷವೂ ಹುಣಿ ಕಟ್ಟಿ, ನೀರು ಕಾದು, ಹಂದಿ ನವಿಲುಗಳನ್ನು ಓಡಿಸಿ ನಿಲ್ಲಬಲ್ಲವನು ಗದ್ದೆಯ ಮೇಲೆ ಹಕ್ಕಿನ ಭರವಸೆಯುಳ್ಳ ಮನುಷ್ಯನೇ.

ನಾವು ನಿಂತಿರುವ ನೆಲವೂ ಒಂದು ಪಾಠವನ್ನು ಹೇಳುತ್ತಿದೆ. ವಾಶಿ, ನೆರೂಳ್, ಬೇಲಾಪುರಗಳಲ್ಲಿ ಇಂದು ನಮ್ಮ ಹೋಟೆಲುಗಳಿರುವಲ್ಲಿ ಒಂದು ಕಾಲಕ್ಕೆ ಭತ್ತದ ಗದ್ದೆಗಳಿದ್ದುವು, ಉಪ್ಪಿನ ಆಗರಗಳಿದ್ದುವು. ನವಿ ಮುಂಬಯಿಗಾಗಿ 1970ರಿಂದೀಚೆಗೆ 95 ಹಳ್ಳಿಗಳ ಭೂಮಿಯನ್ನು ಗುರುತಿಸಲಾಯಿತು. ದಿ. ಬಾ. ಪಾಟೀಲರ ನಾಯಕತ್ವದಲ್ಲಿ ಆ ರೈತರು ಬೀದಿಗಿಳಿದು, 1984ರಲ್ಲಿ ಐವರು ಗುಂಡಿಗೆ ಬಲಿಯಾದ ಮೇಲೆಯೇ ಸ್ವಾಧೀನವಾದ ಭೂಮಿಯ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ಭೂಮಿಯನ್ನು ಅವರಿಗೆ ಮರಳಿಸುವ ಯೋಜನೆಯಾಯಿತು. ಮಾತು ಕೇಳಿಸಿತು, ಆದರೆ ಗದ್ದೆ ಹೋದ ಮೇಲೆ. ನಮ್ಮ ಊರುಗಳಲ್ಲಿ ಗದ್ದೆ ಇರುವಾಗಲೇ ಆ ಮಾತನ್ನು ಕೇಳುವ ಭಾಗ್ಯ ನಮಗಿನ್ನೂ ಉಳಿದಿದೆ.

ಈ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ವರುಷಗಳಲ್ಲಿ ಊರಿನಿಂದ ತಮ್ಮನು ಕೇಳಿದಾಗಲೆಲ್ಲ “ಮೇ ತಿಂಗಳಲ್ಲಿ ಬಂದು ನೋಡೋಣ” ಎನ್ನುತ್ತಿದ್ದೆವು. ಮೇ ಬಂದಾಗ ಮದುವೆಗಳಾದುವು, ಕೋಲಗಳಾದುವು, ಆಟ ನೋಡಿದ್ದೂ ಆಯಿತು. ಪಹಣಿ ಮಾತ್ರ ಇದ್ದ ಹಾಗೆಯೇ ಇತ್ತು. ತಮ್ಮನು ಗದ್ದೆ ಬಿಟ್ಟು ಪೇಟೆಯ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ ನಮಗೆ ಬುದ್ಧಿ ಬಂದಿತು. ದಾಖಲೆಯನ್ನು ಬಳಿಕ ಸರಿಪಡಿಸಿದೆವು. ತಮ್ಮನು ಗದ್ದೆಗೆ ಮರಳಲಿಲ್ಲ.

ಆದುದರಿಂದ ಪತ್ರಲೇಖಕರಿಗೂ ಅವರಂಥ ಬಂಧುಗಳೆಲ್ಲರಿಗೂ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಪಹಣಿಯನ್ನು ಇಂದು ಮೊಬೈಲಿನಲ್ಲೇ ನೋಡಬಹುದು. ಮೊದಲು ಅದನ್ನು ನೋಡಿರಿ. ತೀರಿಹೋದವರ ಹೆಸರಿದ್ದರೆ ಮರಣಪತ್ರ, ವಂಶವೃಕ್ಷಗಳೊಡನೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿರಿ. ಹಕ್ಕುದಾರರು ಒಂದೆಡೆ ಕುಳಿತು ವಿಭಾಗಪತ್ರ ಮಾಡಿ ನೋಂದಾಯಿಸಿರಿ. ಅಕ್ಕತಂಗಿಯರನ್ನು ಮರೆಯಬೇಡಿ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಸಮಾನ ಹಕ್ಕನ್ನು 2005ರ ತಿದ್ದುಪಡಿಯು ಇಡೀ ದೇಶಕ್ಕೆ ಸ್ಪಷ್ಟಪಡಿಸಿದೆ, ಮತ್ತು ಊರಿನಲ್ಲಿ ಉಳಿದು ಗದ್ದೆ ನೋಡಿಕೊಂಡವರು ಎಷ್ಟೋ ಕಡೆ ಅವರೇ. ನಿಮ್ಮ ಪಾಲನ್ನು ಬಿಟ್ಟುಕೊಡಿರೆಂದು ನಾವು ಹೇಳುವುದಿಲ್ಲ. ಉಳುವವನ ಪಾಲು ಅವನ ಹೆಸರಿಗೆ ಬರಲಿ ಎನ್ನುತ್ತೇವೆ. ಉಳಿದ ಪಾಲಿನಲ್ಲಿ ಏನು ಬೆಳೆಯಬೇಕು, ಮರ ಕಡಿಯಬೇಕೆ, ಭೂಮಿ ಮಾರಬೇಕೆ ಎಂಬ ಮಾತು ಬಂದಾಗ ಅವನನ್ನು ಕೇಳದೆ ಇಲ್ಲಿಂದಲೇ ತೀರ್ಮಾನಿಸಬೇಡಿ ಎನ್ನುತ್ತೇವೆ. ನಮ್ಮ ಸಂಘಸಂಸ್ಥೆಗಳು ವಾರ್ಷಿಕೋತ್ಸವದ ಸನ್ಮಾನಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿ, ಕಾನೂನು ಬಲ್ಲವರನ್ನು ಕರೆಸಿ ಒಂದು ದಿನವನ್ನು ಈ ಕಾಗದಪತ್ರಗಳಿಗಾಗಿ ಮೀಸಲಿಟ್ಟರೆ ಊರಿಗೂ ಉಪಕಾರವಾದೀತು.

ದೂರವೆಂಬ ನೆಪವು ಈಗ ಸಲ್ಲದು. ಕೊಂಕಣ ರೈಲು ಪೂರ್ಣವಾಗಿ ತೆರೆದ 1998ರಿಂದ ಊರು ನಮಗೆ ಒಂದು ರಾತ್ರಿಯ ಪ್ರಯಾಣ. ಬರುವ ಚೌತಿಗೆ ಊರಿಗೆ ಹೋಗುವವರು ಬಟ್ಟೆಬರೆ, ಸಿಹಿತಿಂಡಿಗಳ ಜೊತೆಗೆ ತಮ್ಮ ಒಪ್ಪಿಗೆಯ ಸಹಿಯನ್ನೂ ಕೊಂಡೊಯ್ಯಲಿ. ಹೋಟೆಲಿನಲ್ಲಿ ಕೆಲಸ ಕೇಳಿದ ಆ ಹುಡುಗನಿಗೆ ಕೆಲಸ ಕೊಡುವವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಗದ್ದೆಯಲ್ಲಿ ಅವನ ಸ್ಥಾನವನ್ನು ಕೊಡಬಲ್ಲವರು ಅವನ ಮಾವಂದಿರು ಮಾತ್ರ.